ರೈಲು ಒಯ್ಯುವ ಊರೋ, ಘಟ್ಟ ಇಳಿದು ಸೇರುವ ಊರೋ?

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳು ಬಂದವೆಂದರೆ ಕಡೂರು ಸೀಮೆಯ ಕಥೋಲಿಕ ಕುಟುಂಬಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳುಹಿಸಬೇಕೇ, ಮಂಗಳೂರಿಗೆ ಕಳುಹಿಸಬೇಕೇ? ಹಿರೇನಲ್ಲೂರಿನಂಥ ಹೋಬಳಿ ಕೇಂದ್ರದಲ್ಲಿ ನಿಂತು ಕೇಳಿದಾಗ ಇದು ಕಾಲೇಜಿನ ಆಯ್ಕೆಯ ಪ್ರಶ್ನೆಯಾಗಿಯೇ ಕಾಣುತ್ತದೆ. ಆದರೆ ಐದಾರು ವರ್ಷಗಳಲ್ಲಿ ಅದು ನೌಕರಿಯ ಪ್ರಶ್ನೆಯಾಗುತ್ತದೆ. ಮದುವೆಯಾದ ಮೇಲೆ ಮನೆಯ ಪ್ರಶ್ನೆಯಾಗುತ್ತದೆ. ಕೊನೆಗೊಂದು ದಿನ, ಮಗ ನಗರದಲ್ಲಿ ಫ್ಲ್ಯಾಟಿಗೆ ಮುಂಗಡ ಕಟ್ಟಬೇಕಾಗಿ ಬಂದಾಗ, ಊರಿನ ಎರಡೆಕರೆ ತೆಂಗಿನ ತೋಟವನ್ನು ಮಾರುವುದೋ ಇರಿಸಿಕೊಳ್ಳುವುದೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಯಾವ ನಗರ ಎಂಬ ಮಾತನ್ನು ಈ ಕೊನೆಯ ಪ್ರಶ್ನೆಯಿಂದ ಬೇರ್ಪಡಿಸಿ ಆಡುವುದರಲ್ಲಿ ಅರ್ಥವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಕಡೂರಿನಿಂದ ಎರಡು ನಗರಗಳೂ ಹೆಚ್ಚುಕಡಿಮೆ ಸಮದೂರದಲ್ಲಿವೆ. ಅರಸೀಕೆರೆ, ತಿಪಟೂರು, ತುಮಕೂರುಗಳ ಮೇಲೆ ಬೆಂಗಳೂರು ಇನ್ನೂರು ಕಿಲೋಮೀಟರುಗಳ ಆಸುಪಾಸು. ಚಿಕ್ಕಮಗಳೂರು, ಮೂಡಿಗೆರೆ, ಚಾರ್ಮಾಡಿಯ ಮಾರ್ಗವಾಗಿ ಮಂಗಳೂರೂ ಅಷ್ಟೇ. ಆದರೂ ನಮ್ಮವರ ಬಾಯಲ್ಲಿ ಬೆಂಗಳೂರು ಸದಾ ಹತ್ತಿರ, ಮಂಗಳೂರು ಸದಾ ದೂರ. ಇದಕ್ಕೆ ಕಾರಣ ರೈಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನಿಂದ ಹರಿಹರದತ್ತ ಸಾಗಿದ ಹಳಿಯು ಕಡೂರು, ಬೀರೂರುಗಳನ್ನು ಮುಟ್ಟಿತು. ಬೀರೂರಿನಿಂದ ಶಿವಮೊಗ್ಗೆಗೆ ಕವಲು ಒಡೆದು ಅದು ಜಂಕ್ಷನ್ ಆಯಿತು. ಅಂದಿನಿಂದ ಇಂದಿನವರೆಗೆ ಈ ಸೀಮೆಯ ವಿದ್ಯಾವಂತನ ದಾರಿಯೆಲ್ಲ ಪೂರ್ವಕ್ಕೇ ಸಾಗಿದೆ. ಬೆಳಗಿನ ಗಾಡಿ ಹತ್ತಿದರೆ ಮೂರು ನಾಲ್ಕು ಗಂಟೆಗಳಲ್ಲಿ ರಾಜಧಾನಿ. ಶನಿವಾರ ಸಂಜೆ ಹೊರಟು, ಭಾನುವಾರ ತಾಯಿತಂದೆಯರೊಡನೆ ಊಟ ಮಾಡಿ, ಸೋಮವಾರ ಕಚೇರಿಗೆ ಹಾಜರಾಗಬಹುದು.

ಪಶ್ಚಿಮದ ಕಥೆ ಹಾಗಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಅಲ್ಲಿಂದ ಘಟ್ಟ ಇಳಿಯಲು ಬಸ್ಸೇ ಗತಿ. ರೈಲಿನಲ್ಲೇ ಹೋಗುವೆನೆಂದರೆ ಅರಸೀಕೆರೆ, ಹಾಸನ, ಸಕಲೇಶಪುರಗಳನ್ನು ಬಳಸಿ ಸುತ್ತಿ ಹೋಗಬೇಕು. ಮಳೆಗಾಲದಲ್ಲಿ ಅದೂ ಖಚಿತವಲ್ಲ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿಯ ಸಂಚಾರವೇ ಕಡಿದುಹೋಯಿತು. 2024ರ ಜುಲೈನಲ್ಲಿ ಸಕಲೇಶಪುರದಾಚೆ, ಯಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ರೈಲುಗಳು ದಿನಗಟ್ಟಲೆ ನಿಂತವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿರುವ ಮಗಳಿಗೆ ಊರಿನಿಂದ ತುರ್ತು ಕರೆ ಹೋದರೆ ಆಕೆ ಅದೇ ದಿನ ಬಂದು ಮುಟ್ಟುವಳೆಂದು ಖಂಡಿತವಾಗಿ ಹೇಳಲಾಗದು. ವಯಸ್ಸಾದ ತಾಯಿತಂದೆಯರಿರುವ ಮನೆಗಳು ಈ ಒಂದು ಅಂಶವನ್ನು ಮೊದಲು ತೂಗಬೇಕು.

ಹಾಗಿದ್ದರೂ ನಮ್ಮ ಸಮುದಾಯಕ್ಕೂ ಕರಾವಳಿಗೂ ಇರುವ ನಂಟು ಹಳೆಯದು. ಮಲೆನಾಡಿನ ಕಾಫಿ ತೋಟಗಳಿಗೆ ರೈಟರುಗಳಾಗಿಯೋ ಕೆಲಸಗಾರರಾಗಿಯೋ ಘಟ್ಟ ಹತ್ತಿ ಬಂದವರ ವಂಶಜರು ಇಂದು ಚಿಕ್ಕಮಗಳೂರು ಧರ್ಮಪ್ರಾಂತ್ಯದ ಉದ್ದಗಲಕ್ಕೂ ಇದ್ದಾರೆ. ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು 1963ರಲ್ಲಿ ಈ ಧರ್ಮಪ್ರಾಂತ್ಯವು ರೂಪುಗೊಂಡಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದವರು ಉಡುಪಿ ಸೀಮೆಯ ಪಾಂಗಾಳದಲ್ಲಿ ಜನಿಸಿದ ಅಲ್ಫೋನ್ಸುಸ್ ಮಥಾಯಸ್. ಅವರೇ 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ತೆರಳಿ 1998ರವರೆಗೆ ಆ ಪೀಠದಲ್ಲಿದ್ದರು. 2024ರ ಜುಲೈನಲ್ಲಿ ದಿವಂಗತರಾದರು. ಕರಾವಳಿಯಲ್ಲಿ ಹುಟ್ಟಿ, ಚಿಕ್ಕಮಗಳೂರಿನಲ್ಲಿ ದುಡಿದು, ಬೆಂಗಳೂರಿಗೆ ಸಾಗಿದ ಆ ಜೀವನದ ದಾರಿಯು ನಮ್ಮ ಎಷ್ಟೋ ಕುಟುಂಬಗಳ ಮೂರು ತಲೆಮಾರುಗಳ ದಾರಿಯೂ ಹೌದು.

ಇನ್ನು ಉದ್ಯೋಗದ ವಿಚಾರ. ಒಂದು ಕಾಲದಲ್ಲಿ ಮಂಗಳೂರು ಎಂದರೆ ಬ್ಯಾಂಕು, ಬ್ಯಾಂಕು ಎಂದರೆ ಮಂಗಳೂರು ಎಂಬ ಮಾತಿತ್ತು. ಬಿ.ಕಾಂ. ಮುಗಿಸಿದ ಹುಡುಗನಿಗೆ ಕರಾವಳಿಯಲ್ಲಿ ಹುಟ್ಟಿದ ಯಾವುದಾದರೊಂದು ಬ್ಯಾಂಕಿನಲ್ಲಿ ಕುರ್ಚಿ ದೊರೆತೀತೆಂಬ ಭರವಸೆಯಿಂದ ಹೆತ್ತವರು ಅಲ್ಲಿಗೆ ಕಳುಹಿಸುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲೇ ಪ್ರಧಾನ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್ ಮಾತ್ರ ತನ್ನ ಪ್ರಧಾನ ಕಚೇರಿಯನ್ನು ಅಲ್ಲಿಯೇ ಉಳಿಸಿಕೊಂಡಿದೆ. ಶಾಖೆಗಳು ಎಲ್ಲಿಯೂ ಹೋಗಲಿಲ್ಲ, ನಿಜ. ಆದರೆ ಪ್ರಧಾನ ಕಚೇರಿಯ ಸುತ್ತ ಬೆಳೆಯುವ ಬಡ್ತಿಯ ಹುದ್ದೆಗಳು ನಗರದಿಂದ ಹೊರಟುಹೋದವು. ಮಂಗಳೂರಿನ ಮಧ್ಯಮವರ್ಗಕ್ಕೆ ಇದರಿಂದಾದ ನಷ್ಟವನ್ನು ಸಾಕಷ್ಟು ಮಂದಿ ಗಮನಿಸಿಲ್ಲ. ನವಮಂಗಳೂರು ಬಂದರು, ತೈಲ ಶುದ್ಧೀಕರಣಾಗಾರ, 1995ರಲ್ಲೇ ಅಲ್ಲಿ ಕೇಂದ್ರ ತೆರೆದ ಇನ್ಫೋಸಿಸ್, ಬೆಂಗಳೂರಿನಾಚೆಗೂ ತಂತ್ರಜ್ಞಾನ ಉದ್ದಿಮೆಗಳನ್ನು ಹರಡಬೇಕೆಂಬ ರಾಜ್ಯ ಸರ್ಕಾರದ ಈಚಿನ ಯೋಜನೆ ಇವೆಲ್ಲವೂ ಇವೆ. ಆದರೆ 2011ರ ಜನಗಣತಿಯಲ್ಲೇ 84 ಲಕ್ಷ ಜನಸಂಖ್ಯೆಯಿದ್ದ ನಗರದ ಉದ್ಯೋಗ ಮಾರುಕಟ್ಟೆಯೊಡನೆ, ಐದು ಲಕ್ಷದ ಆಸುಪಾಸಿನಲ್ಲಿದ್ದ ನಗರವನ್ನು ಸರಿಗಟ್ಟಿ ನೋಡಲಾಗದು. ಬೆಂಗಳೂರಿನಲ್ಲಿ ಒಂದು ಕೆಲಸ ಹೋದರೆ ಅದೇ ರಸ್ತೆಯಲ್ಲಿ ಇನ್ನೊಂದು ಸಿಕ್ಕೀತು; ಮಂಗಳೂರಿನಲ್ಲಿ ಕೆಲಸ ಹೋದರೆ ಊರನ್ನೇ ಬಿಡಬೇಕಾದೀತು.

ವಿದ್ಯೆ ಮತ್ತು ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಕರಾವಳಿಯ ಈ ನಗರ ಯಾರಿಗೂ ಕಡಿಮೆಯದಲ್ಲ. ಸಂತ ಅಲೋಶಿಯಸ್ ಕಾಲೇಜು ಮತ್ತು ಫಾದರ್ ಮುಲ್ಲರ್ ಸಂಸ್ಥೆ ಇವೆರಡರ ಮೂಲವೂ 1880ರಲ್ಲಿದೆ. ಸಂತ ಆಗ್ನೆಸ್ ಕಾಲೇಜು 1921ರದು. ದಾದಿಯರ ಶಿಕ್ಷಣಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಮಂಗಳೂರಿನಷ್ಟು ಅನುಕೂಲದ ಊರು ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆದರೆ ಅಲ್ಲಿ ಕಲಿತವರೆಲ್ಲ ಅಲ್ಲಿಯೇ ನಿಲ್ಲುವರೆಂದು ಭಾವಿಸಬಾರದು. ಮಂಗಳೂರಿನ ಕಥೋಲಿಕರೇ ಮೊದಲು ಮುಂಬಯಿಗೂ, 1970ರ ದಶಕದಿಂದ ಗಲ್ಫ್ ರಾಷ್ಟ್ರಗಳಿಗೂ, ಬಳಿಕ ಇನ್ನೂ ದೂರಕ್ಕೂ ಹೋದರು. ವಿಶಾಲವಾದ ಹಂಚಿನ ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದಿರುವ ದೃಶ್ಯ ಅಲ್ಲಿ ಹೊಸದೇನಲ್ಲ. ನಮ್ಮ ಮಕ್ಕಳು ನೆಲಸಲೆಂದು ನಾವು ಆರಿಸುವ ಊರಿನಿಂದ ಆ ಊರಿನ ಮಕ್ಕಳೇ ಹೊರಡುತ್ತಿರುವುದೇಕೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಕಷ್ಟಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅವು ಪ್ರತಿದಿನ ಪತ್ರಿಕೆಗಳಲ್ಲಿ ಬರುತ್ತವೆ. ಹತ್ತು ತಿಂಗಳ ಬಾಡಿಗೆಯನ್ನು ಠೇವಣಿಯಾಗಿ ಕೇಳುವ ಪದ್ಧತಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. 2024ರ ಬೇಸಗೆಯಲ್ಲಿ ಸರ್ಕಾರದ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವೆಂದು ಆಡಳಿತವೇ ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತದ ನೀರು ಹೊರವಲಯದ 110 ಹಳ್ಳಿಗಳಿಗೆಂದು ಹರಿಯತೊಡಗಿತು. ಮೆಟ್ರೋ ಬಂದಿದೆ, ಅದರ ದರವೂ 2025ರ ಫೆಬ್ರವರಿಯಲ್ಲಿ ಏರಿದೆ. ಬರದ ಸೀಮೆಯಲ್ಲಿ ಬೆಳೆದ ಕಡೂರಿನವನಿಗೆ ಕೊಡ ಎಣಿಸಿ ನೀರು ಬಳಸುವುದು ಗೊತ್ತು. ಆದರೆ ಹಣ ಕೊಟ್ಟರೂ ಟ್ಯಾಂಕರು ಬಾರದ ದಿನ ಅವನಿಗೂ ಹೊಸದು.

ಹಾಗೆಂದು ಮಂಗಳೂರನ್ನು ನೀರಿನ ಊರೆಂದು ನಂಬಿ ಹೋಗುವವರಿಗೂ ಒಂದು ಮಾತು. ಮಳೆ ಅಲ್ಲಿ ಹೇರಳ, ಆದರೆ ನಗರ ಕುಡಿಯುವುದು ನೇತ್ರಾವತಿಯ ತುಂಬೆ ಅಣೆಕಟ್ಟೆಯ ನೀರು. 2019ರ ಮೇ ತಿಂಗಳಲ್ಲಿ ಆ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಬಸ್ಸಿನ ವಿಚಾರವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಕಡೂರಿನಿಂದ ಮಗಳ ಮನೆಗೆ ಹೊರಟ ತಾಯಿ ಬೆಂಗಳೂರಿಗೆ ಹೋದರೆ ನಗರದೊಳಗಿನ ಸಾಮಾನ್ಯ ಬಸ್ಸಿನಲ್ಲೂ ದುಡ್ಡು ಕೊಡಬೇಕಾಗಿಲ್ಲ. ಮಂಗಳೂರಿಗೆ ಹೋದರೆ ಬಸ್ ನಿಲ್ದಾಣದವರೆಗೆ ಮಾತ್ರ ಆ ಸೌಲಭ್ಯ. ಅಲ್ಲಿಂದ ಮುಂದೆ ಬಹುಪಾಲು ಖಾಸಗಿ ಬಸ್ಸುಗಳದೇ ಸಂಚಾರ. ಸಣ್ಣ ಮಾತೆನಿಸಬಹುದು, ಆದರೆ ಸೊಸೆಯ ಹೆರಿಗೆಗೆ, ಮೊಮ್ಮಗುವಿನ ಜ್ವರಕ್ಕೆ ತಿಂಗಳಿಗೆರಡು ಬಾರಿ ಓಡಾಡುವ ಹೆಂಗಸರಿಗೆ ಇಂಥ ಸಣ್ಣ ಮಾತುಗಳೇ ಲೆಕ್ಕಕ್ಕೆ ಬರುತ್ತವೆ.

ಕರಾವಳಿಯಲ್ಲಿ ನೆಮ್ಮದಿಯಿಂದ ಬದುಕಬಹುದೇ ಎಂದು 2008ರ ಸೆಪ್ಟೆಂಬರ್ ತಿಂಗಳನ್ನು ನೆನೆದು ಅಂಜುವ ಹೆತ್ತವರೂ ಇದ್ದಾರೆ. ಆ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ಆದರೆ ಆ ತಿಂಗಳು ಮಂಗಳೂರಿನಲ್ಲಿ ಮಾತ್ರವಲ್ಲ, ನಮ್ಮದೇ ಚಿಕ್ಕಮಗಳೂರು ಜಿಲ್ಲೆಯಲ್ಲೂ ಬೆಂಗಳೂರಿನಲ್ಲೂ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳು ನಡೆದವು. ಅಂಜಿಕೆಯ ಕಾರಣಕ್ಕೆ ಒಂದು ಊರನ್ನು ಬಿಟ್ಟು ಇನ್ನೊಂದನ್ನು ಆರಿಸುವುದಕ್ಕೆ ಆಧಾರ ಸಾಲದು.

ಯಾರೂ ಗಟ್ಟಿಯಾಗಿ ಆಡದ ಇನ್ನೊಂದು ಸಂಗತಿ ಪ್ರಾರ್ಥನೆಯ ಭಾಷೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗಳಲ್ಲಿ ಬಲಿಪೂಜೆ ಆರಂಭವಾದಾಗ ನಮ್ಮ ಬಯಲುಸೀಮೆಯ ಕುಟುಂಬಗಳಿಗೆ ದೊರೆತದ್ದು ಕನ್ನಡ. ಮಂಗಳೂರಿನ ಧರ್ಮಕೇಂದ್ರಗಳ ಉಸಿರು ಕೊಂಕಣಿ. ಅಲ್ಲಿ ವಾರ್ಡಿಗೊಬ್ಬ ಗುರ್ಕಾರನಿರುತ್ತಾನೆ, ಹೊಸದಾಗಿ ಬಂದವರ ಮನೆಯನ್ನು ಒಂದೆರಡು ವಾರಗಳಲ್ಲೇ ಗುರುತಿಸುತ್ತಾನೆ. ಕಾಯಿಲೆ ಬಿದ್ದರೆ ನೆರೆಹೊರೆ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯ ಊಟಕ್ಕೆ ಕರೆಯೂ ಬರುತ್ತದೆ. ಆದರೆ ಕೊಂಕಣಿ ಅರಿಯದ ಮಗು ಧರ್ಮೋಪದೇಶದ ತರಗತಿಯಲ್ಲಿ ಬಾಯಿಮುಚ್ಚಿ ಕುಳಿತಿರುತ್ತದೆ. ಬೆಂಗಳೂರಿನಲ್ಲಿ ಹುಡುಕಿದರೆ ಕನ್ನಡ ಪೂಜೆ ಸಿಗುತ್ತದೆ. ಅದೇ ಸೆಪ್ಟೆಂಬರ್ 8ರಂದು ಶಿವಾಜಿನಗರದ ಬೆಸಿಲಿಕಾದಲ್ಲಿ ಜನಸಾಗರವೇ ಸೇರುತ್ತದೆ. ಆದರೆ ಆ ಸಾಗರದಲ್ಲಿ ಪಕ್ಕದಲ್ಲಿ ನಿಂತವನ ಹೆಸರು ಯಾರಿಗೂ ತಿಳಿದಿರುವುದಿಲ್ಲ. ಅಪ್ಪ ಅಮ್ಮ ಕನ್ನಡದ ಪೂಜೆಗೆ, ಮಕ್ಕಳು ಇಂಗ್ಲಿಷಿನ ಪೂಜೆಗೆ ಎಂದು ಒಂದೇ ಮನೆಯವರು ಎರಡು ಹೊತ್ತಿನಲ್ಲಿ ಹೋಗುವುದನ್ನು ಬೆಂಗಳೂರಿನಲ್ಲಿ ಕಾಣುತ್ತೇವೆ. ಇವೆರಡರಲ್ಲಿ ಮಂಗಳೂರಿನ ತೊಡಕೇ ವಾಸಿ ಎನ್ನಬೇಕು. ಮಕ್ಕಳು ಭಾಷೆಯೊಂದನ್ನು ಒಂದೆರಡು ವರ್ಷಗಳಲ್ಲಿ ಕಲಿತಾರು. ನೆರೆಹೊರೆಯನ್ನು ಹಾಗೆ ಕಲಿಯಲಾಗದು.

ಹಾಗಾದರೆ ತೋಟದ ಮಾತೇನು? ಕಡೂರಿನ ರೈತನಿಗೆ ತೆಂಗು ಕೊಟ್ಟ ಸುಖದುಃಖಗಳ ಲೆಕ್ಕ ವಿಚಿತ್ರವಾದುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 200ಕ್ಕೂ ಹೆಚ್ಚು ಬರಪೀಡಿತವೆಂದು ಘೋಷಣೆಯಾಯಿತು. ಅದೇ ಸಮಯದಲ್ಲಿ ಕೊಬ್ಬರಿಯ ಬೆಲೆ ನೆಲಕಚ್ಚಿ, ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲುಗಟ್ಟಿ ನಿಂತರು. ಮರಗಳ ಸುಳಿ ಬಾಗುವುದನ್ನು ಕಂಡು ಎಷ್ಟೋ ಮನೆಗಳಲ್ಲಿ ಮಾರಾಟದ ಮಾತು ಹುಟ್ಟಿತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದೇ ಕೊಬ್ಬರಿ ಕ್ವಿಂಟಾಲಿಗೆ 20,000 ರೂಪಾಯಿಗಳನ್ನು ದಾಟಿತು. ಬರಗಾಲದ ವರ್ಷ ಅಗ್ಗಕ್ಕೆ ಮಾರಿ ಫ್ಲ್ಯಾಟಿನ ಮುಂಗಡ ಕಟ್ಟಿದವನು ಆ ಬೆಲೆಯನ್ನು ಪತ್ರಿಕೆಯಲ್ಲಿ ಓದಿಕೊಂಡಿರಬೇಕು. ನಾಳೆ ಮತ್ತೆ ಬೆಲೆ ಬೀಳಬಹುದು, ಅದು ಬೇರೆ ಮಾತು. ಆದರೆ ಹಳ್ಳಿಯ ಜಮೀನನ್ನು ಒಮ್ಮೆ ಮಾರಿದರೆ ನಗರದ ಸಂಬಳದಿಂದ ಅದನ್ನು ಮರಳಿ ಕೊಂಡವರು ಅಪರೂಪ.

ಆದುದರಿಂದ ನಮ್ಮ ಮನೆಗಳಲ್ಲಿ ಈ ಚರ್ಚೆ ನಡೆಯಬೇಕಾದ ಕ್ರಮವೇ ಬೇರೆ. ತಾಯಿತಂದೆಯರು ಎಪ್ಪತ್ತು ದಾಟಿದ ಮೇಲೆ ಎಲ್ಲಿರುವರು ಎಂಬುದು ಮೊದಲು ನಿಶ್ಚಯವಾಗಲಿ. ಅವರು ಊರು ಬಿಡುವುದಿಲ್ಲವೆಂದಾದರೆ ರೈಲಿರುವ ಬೆಂಗಳೂರೇ ಮಕ್ಕಳಿಗೆ ಸರಿ, ಬಾಡಿಗೆ ಎಷ್ಟೇ ಇರಲಿ. ಅವರು ಮಕ್ಕಳೊಡನೆ ಹೋಗಿ ನೆಲಸಲು ಸಿದ್ಧರಿದ್ದರೆ, ಮಗ ಅಥವಾ ಸೊಸೆ ಆಸ್ಪತ್ರೆ, ಶಾಲೆ, ಬಂದರು ಇಂಥಲ್ಲೆಲ್ಲೋ ದುಡಿಯುವವರಾಗಿದ್ದರೆ, ಮಂಗಳೂರಿನಲ್ಲಿ ವೃದ್ಧರಿಗೆ ಚರ್ಚೂ ಆಸ್ಪತ್ರೆಯೂ ಒಂದು ಆಟೋದ ದೂರದಲ್ಲಿ ಸಿಗುತ್ತವೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಲು ಊರಿಗೆ ಮರಳಿದ್ದ ಯುವಕರಲ್ಲಿ ಅನೇಕರನ್ನು ಕಂಪನಿಗಳು ಬಳಿಕ ವಾಪಸು ಕರೆಸಿಕೊಂಡವು. ಆ ನಂಬಿಕೆಯ ಮೇಲೆ ಕರಾವಳಿಯಲ್ಲಿ ಮನೆ ಕೊಳ್ಳುವವರು ಒಮ್ಮೆ ಯೋಚಿಸಬೇಕು. ಎರಡೂ ಊರುಗಳಲ್ಲಿ ಮೊದಲ ಐದು ವರ್ಷ ಬಾಡಿಗೆ ಮನೆಯೇ ಲೇಸು. ಬೆಂಗಳೂರಿನ ಕಡೆಯವರು ಇದನ್ನು ಒಪ್ಪುವುದಿಲ್ಲ, ಬಾಡಿಗೆ ಕಟ್ಟುವುದು ದಂಡವೆನ್ನುತ್ತಾರೆ. ಆದರೆ ನೌಕರಿ ಎಲ್ಲಿ ನಿಲ್ಲುವುದೆಂದು ತಿಳಿಯುವ ಮೊದಲೇ ಮೂವತ್ತು ವರ್ಷಗಳ ಸಾಲದ ಪತ್ರಕ್ಕೆ ಸಹಿ ಹಾಕುವುದು ಅದಕ್ಕಿಂತ ದೊಡ್ಡ ದಂಡ.

ಕೊನೆಯದಾಗಿ, ಯಾವ ಊರಿಗೇ ಹೋಗಲಿ, ಹೊರಡುವ ಮೊದಲು ತೋಟದ ಪಹಣಿಯನ್ನು ತೆಗೆಸಿ ನೋಡುವುದು ಒಳಿತು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುವ ಜಮೀನುಗಳು ನಮ್ಮ ಕಡೆ ಕಡಿಮೆಯಿಲ್ಲ. ಮಕ್ಕಳೆಲ್ಲ ಚದುರಿದ ಮೇಲೆ ಪೌತಿ ಖಾತೆಗೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಹಿಗಳನ್ನು ಕೂಡಿಸುವುದು, ಒಬ್ಬರು ಬೆಂಗಳೂರಿನಲ್ಲೂ ಒಬ್ಬರು ಮಂಗಳೂರಿನಲ್ಲೂ ಇನ್ನೊಬ್ಬರು ಕುವೈತಿನಲ್ಲೂ ಇರುವಾಗ, ಸುಲಭದ ಕೆಲಸವಲ್ಲ. ಕ್ರಿಸ್ಮಸ್ ರಜೆಗೆ ಎಲ್ಲರೂ ಊರಿಗೆ ಬಂದಿರುವಾಗ ಆ ಕಾಗದಗಳನ್ನು ಸಿದ್ಧಪಡಿಸಿಕೊಂಡರೆ, ರಜೆ ಮುಗಿಯುವ ಮುನ್ನವೇ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಬರಬಹುದು.