ಗಣಕಯಂತ್ರದ ಒಡೆತನ ಯಾರದು?

2025ನೆಯ ಇಸವಿ ಅಕ್ಟೋಬರ್ 14ರಂದು ಅಮೇರಿಕದ ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10 ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೋಟೆಲಿನ ಗಲ್ಲಾದಲ್ಲಿ ಬಿಲ್ಲು ಹಾಕುವ ಯಂತ್ರವಾಗಲಿ, ಕಚೇರಿಯಲ್ಲಿ ಗುಮಾಸ್ತರ ಮೇಜಿನ ಮೇಲಿರುವ ಯಂತ್ರವಾಗಲಿ ಅಂದು ಕೆಟ್ಟು ನಿಲ್ಲಲಿಲ್ಲ. ಮರುದಿನವೂ ಎಂದಿನಂತೆಯೇ ನಡೆಯಿತು. ಆದರೆ ಅದರಲ್ಲಿ ಮುಂದೆ ಕಂಡುಬರುವ ಲೋಪಗಳನ್ನು ತಿದ್ದಿಕೊಡುವ ಹೊಣೆಯಿಂದ ಕಂಪೆನಿಯು ಹಿಂದೆ ಸರಿಯಿತು. ಹಣ ತೆತ್ತೋ ಕಂಪೆನಿಯ ಷರತ್ತುಗಳಿಗೆ ಒಪ್ಪಿಯೋ ಕೆಲಕಾಲದ ಹೆಚ್ಚುವರಿ ರಕ್ಷಣೆಯನ್ನು ಪಡೆಯಬಹುದೆಂದು ಪ್ರಕಟಿಸಲಾಯಿತು. ಹೊಸದಾದ ವಿಂಡೋಸ್ 11 ಆದರೋ ಗೊತ್ತುಪಡಿಸಿದ ಪ್ರೊಸೆಸರ್ ಮತ್ತು ಭದ್ರತೆಯ ಚಿಪ್ ಇಲ್ಲದ ಯಂತ್ರಗಳನ್ನು ಅಂಗೀಕರಿಸುವುದಿಲ್ಲ. 2017ಕ್ಕೆ ಮೊದಲು ತಯಾರಾದ ಬಹುಪಾಲು ಯಂತ್ರಗಳು ಆ ಪಟ್ಟಿಯ ಹೊರಗೇ ಉಳಿದಿವೆ. ಇಂತಹ ನಿಲುಗಡೆ ಇದೇ ಮೊದಲನೆಯದೂ ಅಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿಯೂ ವಿಂಡೋಸ್ 7ಕ್ಕೆ 2020ರಲ್ಲಿಯೂ ಇದೇ ಗತಿಯಾಗಿತ್ತು.

ಕೆಡದ ಯಂತ್ರವನ್ನು ಕೆಟ್ಟಿತೆಂದು ಸಾರುವ ಅಧಿಕಾರ ಬೇರೊಬ್ಬರ ಕೈಯಲ್ಲಿದ್ದರೆ, ಹಣ ಕೊಟ್ಟು ಅದನ್ನು ತಂದವನು ಒಡೆಯನೋ ಬಾಡಿಗೆದಾರನೋ ಎಂಬ ಪ್ರಶ್ನೆಯು ಸಹಜವಾಗಿಯೇ ಉದ್ಭವಿಸುತ್ತದೆ. ಕಾನೂನಿನ ದೃಷ್ಟಿಯಿಂದ ಉತ್ತರವು ಸ್ಪಷ್ಟವಾಗಿದೆ. ಪೆಟ್ಟಿಗೆ ಮಾತ್ರ ಕೊಂಡವನದು; ಅದನ್ನು ನಡೆಯಿಸುವ ತಂತ್ರಾಂಶದ ಮಟ್ಟಿಗೆ ಅವನಿಗೆ ದೊರೆತಿರುವುದು ಉಪಯೋಗಿಸುವ ಪರವಾನಗಿಯಷ್ಟೆ. ಈ ಪದ್ಧತಿಗೆ ಪ್ರತಿಯಾಗಿ ಕಳೆದ ನಾಲ್ಕು ದಶಕಗಳಿಂದ ಮುಕ್ತ ತಂತ್ರಾಂಶವೆಂಬ ಇನ್ನೊಂದು ಪದ್ಧತಿಯು ಬೆಳೆದುಬಂದಿದೆ. ಪುಕ್ಕಟೆ ಸಿಗುವುದೇ ಅದರ ಆಕರ್ಷಣೆಯೆಂದು ಅನೇಕರು ಭಾವಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದರ ಸತ್ವವಿರುವುದು ಬೆಲೆಯಲ್ಲಲ್ಲ, ಹಕ್ಕಿನಲ್ಲಿ. ಮತ್ತು ಆ ಹಕ್ಕು ಯಾರ ದುಡಿಮೆಯ ಮೇಲೆ ನಿಂತಿದೆಯೆಂಬುದನ್ನು ಮರೆತವರು ಅದನ್ನು ಬಹುಕಾಲ ಉಳಿಸಿಕೊಳ್ಳಲಾರರು.

ಕಾರ್ಯಾಚರಣ ವ್ಯವಸ್ಥೆಯೆಂದರೇನು? ಹೋಟೆಲಿನಲ್ಲಿ ಅಡುಗೆಮನೆಗೂ ಗಿರಾಕಿಗಳಿಗೂ ನಡುವೆ ನಿಂತು ಯಾವ ಮೇಜಿಗೆ ಏನು ಹೋಗಬೇಕು, ಯಾರ ಸರದಿ ಮೊದಲು, ಸಾಮಾನು ಎಷ್ಟು ಉಳಿದಿದೆ ಎಂಬುದನ್ನೆಲ್ಲ ನಿರ್ವಹಿಸುವ ಮ್ಯಾನೇಜರನ ಕೆಲಸವನ್ನೇ ಅದು ಯಂತ್ರದಲ್ಲಿ ಮಾಡುತ್ತದೆ. ಪ್ರಿಂಟರು, ಪರದೆ, ಸ್ಮೃತಿಕೋಶ ಮೊದಲಾದುವೆಲ್ಲವೂ ಅದರ ಅಪ್ಪಣೆಯಂತೆ ನಡೆಯತಕ್ಕುವು. ಪ್ರತಿಯೊಂದು ತಂತ್ರಾಂಶಕ್ಕೂ ಎರಡು ರೂಪಗಳಿವೆ. ಮನುಷ್ಯರು ಬರೆದು ಓದಬಹುದಾದ ಸೋರ್ಸ್ ಕೋಡ್ ಎಂಬ ಮೂಲಪಾಠವು ಒಂದು; ಅದರಿಂದ ಸಿದ್ಧವಾದ, ಯಂತ್ರವು ಮಾತ್ರ ಸುಲಭವಾಗಿ ಗ್ರಹಿಸಬಲ್ಲ ರೂಪವು ಇನ್ನೊಂದು. ಕಂಪೆನಿಗಳು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಮಾರುತ್ತವೆ. ಸಾಂಬಾರಿನ ಮಸಾಲೆಯ ಅಳತೆಯು ಭಟ್ಟರೊಬ್ಬರಿಗೇ ಗೊತ್ತಿದ್ದು, ಅವರು ಕೆಲಸ ಬಿಟ್ಟ ದಿನ ಹೋಟೆಲಿನ ವ್ಯಾಪಾರವೇ ಕುಸಿದ ನಿದರ್ಶನಗಳು ನಮ್ಮ ವಾಚಕರಿಗೆ ಅಪರಿಚಿತವಲ್ಲ. ಮೂಲಪಾಠವಿಲ್ಲದ ತಂತ್ರಾಂಶವನ್ನು ನೆಚ್ಚಿದವರ ಅವಸ್ಥೆಯೂ ಅದೇ.

ಮೊದಲಿನಿಂದಲೂ ಹೀಗಿರಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. 1969ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಸಹೋದ್ಯೋಗಿಗಳು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸತೊಡಗಿದರು. ಆ ಪ್ರಯೋಗಶಾಲೆಯು ಎ.ಟಿ. ಆಂಡ್ ಟಿ. ಎಂಬ ದೂರವಾಣಿ ಕಂಪೆನಿಗೆ ಸೇರಿದುದು. 1956ರ ನ್ಯಾಯಾಲಯದ ರಾಜಿ ತೀರ್ಪಿನ ಮೇರೆಗೆ ಈ ಕಂಪೆನಿಯು ಗಣಕಯಂತ್ರದ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದುದರಿಂದ ಯುನಿಕ್ಸನ್ನು ಮೂಲಪಾಠ ಸಹಿತವಾಗಿ ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳಿಗೆ ಕೊಡಲಾಯಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ಅವರು 1976-77ರ ಸುಮಾರಿಗೆ ಅದಕ್ಕೊಂದು ವಿಸ್ತಾರವಾದ ಟೀಕೆಯನ್ನೇ ಬರೆದು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1979ರಲ್ಲಿ ಏಳನೆಯ ಆವೃತ್ತಿಯು ಹೊರಬಂದಾಗ, ಮೂಲಪಾಠವನ್ನು ತರಗತಿಗಳಲ್ಲಿ ಬೋಧಿಸಕೂಡದೆಂಬ ನಿರ್ಬಂಧವು ಪರವಾನಗಿಯಲ್ಲಿ ಸೇರಿಕೊಂಡಿತು. ಲಯನ್ಸ್ ಅವರ ಟೀಕೆಯು ಅಂದಿನಿಂದ 1996ರಲ್ಲಿ ಪುಸ್ತಕವಾಗಿ ಅಚ್ಚಾಗುವವರೆಗೂ ಕೈಯಿಂದ ಕೈಗೆ, ನಕಲಿನ ನಕಲಾಗಿ ಸಂಚರಿಸಿತು. 1984ರಲ್ಲಿ ದೂರವಾಣಿ ಕಂಪೆನಿಯು ವಿಭಜನೆಗೊಂಡು ಹಳೆಯ ಕಟ್ಟುಪಾಡು ಸಡಿಲಾದ ಮೇಲೆ ಯುನಿಕ್ಸ್ ಬೆಲೆಬಾಳುವ ಸರಕಾಯಿತು. ಎಲ್ಲರೂ ಕಲಿತು ತಿದ್ದಿ ಬೆಳೆಸಿದ ವಿದ್ಯೆಯು ಹೀಗೆ ಬೀಗದೊಳಗೆ ಸೇರಿತು.

ಈ ಬೀಗಕ್ಕೆ ಪ್ರತಿಭಟನೆಯಾಗಿ ನಿಂತವರಲ್ಲಿ ಮುಖ್ಯರಾದವರು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು. ಯುನಿಕ್ಸಿನಂತೆ ನಡೆಯುವ, ಆದರೆ ಸಂಪೂರ್ಣ ಸ್ವತಂತ್ರವಾದ ಗ್ನೂ ಎಂಬ ವ್ಯವಸ್ಥೆಯನ್ನು ರಚಿಸುವ ಸಂಕಲ್ಪವನ್ನು ಅವರು 1983ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಅವರ ಅತ್ಯಂತ ದೊಡ್ಡ ಕಾಣಿಕೆಯು ಯಂತ್ರಶಾಸ್ತ್ರಕ್ಕಿಂತಲೂ ನ್ಯಾಯಶಾಸ್ತ್ರಕ್ಕೆ ಸಂಬಂಧಿಸಿದುದೆಂದು ನಮಗೆ ತೋರುತ್ತದೆ. ಅದು 1989ರಲ್ಲಿ ಹೊರಬಂದ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರ. ಇದರ ಮೇರೆಗೆ ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಉಪಯೋಗಿಸಬಹುದು, ಮೂಲಪಾಠವನ್ನು ಓದಿ ತಿದ್ದಬಹುದು, ಇತರರಿಗೆ ಹಂಚಬಹುದು, ಹಣಕ್ಕೆ ಮಾರಲೂಬಹುದು. ಆದರೆ ತಿದ್ದಿದುದನ್ನು ಹಂಚುವವನು ಅದರ ಮೂಲಪಾಠವನ್ನೂ, ತಾನು ಅನುಭವಿಸಿದ ಹಕ್ಕುಗಳನ್ನೂ ಪಡೆದವನಿಗೆ ಕೊಡಲೇಬೇಕು. ಕೃತಿಸ್ವಾಮ್ಯದ ಕಾನೂನನ್ನು ಬಳಸಿಕೊಂಡೇ, ಸಾರ್ವಜನಿಕರ ಸೊತ್ತು ಮತ್ತೆ ಖಾಸಗಿಯವರ ಪಾಲಾಗದಂತೆ ಹಾಕಿದ ಬೇಲಿಯಿದು.

ಗ್ನೂ ವ್ಯವಸ್ಥೆಗೆ ಬೇಕಾದ ಬಹುಪಾಲು ಅಂಗಗಳು ಸಿದ್ಧವಾಗಿದ್ದರೂ ಕರ್ನೆಲ್ ಎಂಬ ತಿರುಳು ಮಾತ್ರ ಕೈಗೂಡಿರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್. ವಿದ್ಯಾರ್ಥಿಗಳ ಕಲಿಕೆಗೆಂದು ಪ್ರೊಫೆಸರ್ ಆಂಡ್ರೂ ಟನೆನ್‌ಬಾಮ್ ಅವರು 1987ರಲ್ಲಿ ಹೊರತಂದಿದ್ದ ಮಿನಿಕ್ಸ್ ವ್ಯವಸ್ಥೆಯನ್ನು ತಮ್ಮ ಯಂತ್ರದಲ್ಲಿ ನಡೆಯಿಸುತ್ತಿದ್ದ ಅವರು, 1991ರ ಆಗಸ್ಟಿನಲ್ಲಿ ತಾವೂ ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ರಚಿಸುತ್ತಿರುವುದಾಗಿ ತಿಳಿಸಿದರು. ಅದೇ ಲಿನಕ್ಸ್. ಮೊದಲು ಅದನ್ನು ಹಣಕ್ಕೆ ಹಂಚಕೂಡದೆಂದು ಕಟ್ಟುಮಾಡಿದ್ದ ಅವರು 1992ರಲ್ಲಿ ಆ ಷರತ್ತನ್ನು ಕೈಬಿಟ್ಟು ಜಿ.ಪಿ.ಎಲ್. ಪರವಾನಗಿಯನ್ನು ಸ್ವೀಕರಿಸಿದರು. ಮಾರುವ ಹಕ್ಕು ದೊರೆತುದರಿಂದ ವ್ಯಾಪಾರಿಗಳು ಬಂದರು. ಮೂಲಪಾಠವನ್ನು ಹಿಂದಿರುಗಿಸುವ ಷರತ್ತು ಇದ್ದುದರಿಂದ ಅವರು ಸಾಮಾನ್ಯ ಸೊತ್ತನ್ನು ಕೊಳ್ಳೆ ಹೊಡೆಯಲಾಗಲಿಲ್ಲ. ಲಿನಕ್ಸಿನ ಏಳಿಗೆಯ ಗುಟ್ಟು ಬಹುಮಟ್ಟಿಗೆ ಇದರಲ್ಲಿಯೇ ಅಡಗಿದೆ.

ಆ ಏಳಿಗೆಯಾದರೂ ಸಾಮಾನ್ಯವಾದುದಲ್ಲ. 2001ರಲ್ಲಿ ಮೈಕ್ರೋಸಾಫ್ಟಿನ ಅಂದಿನ ಮುಖ್ಯಾಧಿಕಾರಿ ಸ್ಟೀವ್ ಬಾಮರ್ ಅವರು ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. 2014ರಲ್ಲಿ ಅದೇ ಕಂಪೆನಿಯ ಮುಖ್ಯಾಧಿಕಾರಿಯಾಗಿದ್ದ ಸತ್ಯ ನಾದೆಲ್ಲ ಅವರು ತಮ್ಮ ಕಂಪೆನಿಗೆ ಲಿನಕ್ಸಿನ ಮೇಲೆ ಪ್ರೀತಿಯಿದೆಯೆಂದು ಬಹಿರಂಗವಾಗಿ ಸಾರಿದರು. ಜಗತ್ತಿನ 500 ಅತಿ ಶಕ್ತಿಶಾಲಿ ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಲ್ಲಿ ಐನೂರಕ್ಕೆ ಐನೂರೂ ಲಿನಕ್ಸಿನಿಂದಲೇ ನಡೆಯುವಂತಹವಾಗಿದ್ದುವು. 2019ರಲ್ಲಿ ಐ.ಬಿ.ಎಂ. ಕಂಪೆನಿಯು ಲಿನಕ್ಸನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಸಂಸ್ಥೆಯನ್ನು ಸುಮಾರು 3,400 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ನಮ್ಮ ಓದುಗರ ಜೇಬಿನಲ್ಲಿರುವ ಆಂಡ್ರಾಯಿಡ್ ದೂರವಾಣಿಯ ತಿರುಳೂ ಲಿನಕ್ಸೇ. ಒಬ್ಬೊಬ್ಬರೂ ಪ್ರತ್ಯೇಕವಾಗಿ ಬಾವಿ ತೋಡುವುದಕ್ಕಿಂತ ಎಲ್ಲರೂ ಕೂಡಿ ಒಂದು ಕೆರೆಯನ್ನು ಕಟ್ಟಿಕೊಳ್ಳುವುದು ಲಾಭಕರವೆಂದು ದೊಡ್ಡ ಕಂಪೆನಿಗಳು ಕಂಡುಕೊಂಡವು. ಇದರಲ್ಲಿ ಔದಾರ್ಯಕ್ಕಿಂತ ಲೆಕ್ಕಾಚಾರವೇ ಅಧಿಕವೆಂಬುದನ್ನು ಮರೆಯಬಾರದು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅವಶ್ಯವಾಗಿವೆ. ಮೊದಲನೆಯದಾಗಿ, ತಿರುಳು ಮುಕ್ತವಾದ ಮಾತ್ರಕ್ಕೆ ಬಳಸುವವನು ಮುಕ್ತನಾಗುವುದಿಲ್ಲ. ಆಂಡ್ರಾಯಿಡಿನ ಬುಡದಲ್ಲಿ ಲಿನಕ್ಸಿದ್ದರೂ ಅದರ ಮೇಲೆ ಗೂಗಲ್ ಮತ್ತು ದೂರವಾಣಿ ತಯಾರಕರು ತಮ್ಮ ತಮ್ಮ ಬೀಗಗಳನ್ನು ಜಡಿದಿದ್ದಾರೆ. ನಾಲ್ಕಾರು ವರ್ಷಗಳ ಮೇಲೆ ತಿದ್ದುಪಡಿಗಳು ನಿಂತುಹೋಗಿ ಸುಸ್ಥಿತಿಯಲ್ಲಿರುವ ದೂರವಾಣಿಯನ್ನೂ ಬದಲಿಸಬೇಕಾಗಿ ಬರುವುದು ಇದರಿಂದಲೇ. ಎರಡನೆಯದು ಇನ್ನೂ ಗಂಭೀರವಾದುದು. ಲಿನಕ್ಸಿನ ತಿರುಳಿಗಾಗಿ ದುಡಿಯುವವರಲ್ಲಿ ಹೆಚ್ಚಿನವರಿಗೆ ಈಗ ಕಂಪೆನಿಗಳೇ ಸಂಬಳ ಕೊಡುತ್ತಿವೆ. ಆದರೆ ಅದರ ಸುತ್ತ ಇರುವ ನೂರಾರು ಸಣ್ಣ ಅಂಗಗಳನ್ನು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಳ್ಳುವವರು ಬಹುಮಂದಿ. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಉಪಕರಣವನ್ನು ಹೀಗೆ ಒಬ್ಬರೇ ಅನೇಕ ವರ್ಷ ನಿರ್ವಹಿಸಿ ದಣಿದಿದ್ದರು. ನೆರವಿನ ನೆಪದಲ್ಲಿ ಬಂದ ಅಪರಿಚಿತನೊಬ್ಬನು ಎರಡು ವರ್ಷಗಳಿಗೂ ಮಿಕ್ಕಿ ಕೆಲಸ ಮಾಡಿ ವಿಶ್ವಾಸ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲೊಂದನ್ನು ಇರಿಸಿದನು. ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುವುದೇಕೆಂದು ಸಂಶಯಪಟ್ಟ ಮೈಕ್ರೋಸಾಫ್ಟಿನ ಇಂಜಿನಿಯರೊಬ್ಬರು ಆ ವರ್ಷದ ಮಾರ್ಚಿಯಲ್ಲಿ ಅದನ್ನು ಪತ್ತೆಹಚ್ಚದಿದ್ದರೆ ಅನರ್ಥವೇ ಸಂಭವಿಸುತ್ತಿತ್ತು. ಮೂಲಪಾಠವು ಬಯಲಿನಲ್ಲಿದ್ದುದರಿಂದಲೇ ಕಾರಣವನ್ನು ಕೊನೆಯವರೆಗೂ ಶೋಧಿಸುವುದು ಸಾಧ್ಯವಾಯಿತು. ಆದರೆ ಬಯಲಿನಲ್ಲಿದ್ದರೂ ನೋಡುವ ಕಣ್ಣುಗಳು ಎಷ್ಟು ಕಡಿಮೆಯೆಂಬುದೂ ಅದರಿಂದ ವ್ಯಕ್ತವಾಯಿತು. ಊಟ ಮಾಡಿದವರು ಅಡುಗೆಮನೆಯ ಕಡೆಗೆ ತಿರುಗಿಯೂ ನೋಡದೆ ಏಳುವುದು ಎಲ್ಲ ಕಾಲಕ್ಕೂ ನಡೆದುಬಂದ ರೀತಿ. ಈ ಕ್ಷೇತ್ರವೂ ಅದಕ್ಕೆ ಹೊರತಾಗಿಲ್ಲ.

ನಮ್ಮ ದೇಶದಲ್ಲಿಯೂ ಪ್ರಯತ್ನಗಳು ನಡೆದಿವೆ. ಕೇರಳದ ಶಾಲೆಗಳು ಈ ಶತಮಾನದ ಮೊದಲ ದಶಕದಲ್ಲಿಯೇ ಮುಕ್ತ ತಂತ್ರಾಂಶದತ್ತ ತಿರುಗಿದುವು. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಬಾಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹೊರತಂದಿತು. ಸರಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡತಕ್ಕದ್ದೆಂಬ ನೀತಿಯನ್ನು ಕೇಂದ್ರವು 2015ರಲ್ಲಿ ಪ್ರಕಟಿಸಿತು.

ಕನ್ನಡಿಗರಾದ ನಮಗೆ ಈ ವಿಷಯವು ಇನ್ನೊಂದು ಕಾರಣದಿಂದಲೂ ಮುಖ್ಯವಾಗಿದೆ. ಕಂಪೆನಿಯು ಒಂದು ಭಾಷೆಗೆ ಅನುಕೂಲ ಕಲ್ಪಿಸುವುದು ಮಾರುಕಟ್ಟೆಯ ಲಾಭನಷ್ಟವನ್ನು ನೋಡಿ. ಮುಕ್ತ ವ್ಯವಸ್ಥೆಯಲ್ಲಾದರೋ ಆಸಕ್ತರಾದ ನಾಲ್ಕು ಮಂದಿ ಕೂಡಿದರೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ರೆಡ್ ಹ್ಯಾಟ್ ಸಂಸ್ಥೆಯು ಬಿಡುಗಡೆ ಮಾಡಿದ ಲೋಹಿತ್ ಅಕ್ಷರಮಾಲೆಗಳಲ್ಲಿ ಕನ್ನಡವೂ ಸೇರಿದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಮಾಲೆಗಳು ಇಂದು ಲಿನಕ್ಸಿನ ಭಂಡಾರದಲ್ಲಿ ದೊರೆಯುತ್ತವೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾಗಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಕರ್ನಾಟಕ ಸರಕಾರದ ಮಾನ್ಯತೆ ಪಡೆದುದು ಸರ್ವವಿದಿತ. ಅದೇ ವಿನ್ಯಾಸವು ಕಗಪ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೂ ಅಳವಟ್ಟಿದೆ. ಹೊರನಾಡಿನಲ್ಲಿ ದುಡಿದ ಕನ್ನಡಿಗರೊಬ್ಬರ ಬುದ್ಧಿಯ ಫಲವು ಹೀಗೆ ಸಾರ್ವಜನಿಕರ ಸೊತ್ತಿನಲ್ಲಿ ಸೇರಿಹೋಗಿರುವುದು ನಮಗೆ ಅಭಿಮಾನದ ಸಂಗತಿ.

ಹಾಗೆಂದು ನಾಳೆಯೇ ಎಲ್ಲರೂ ವಿಂಡೋಸನ್ನು ತೊರೆಯಬೇಕೆಂದು ನಾವು ಹೇಳುವವರಲ್ಲ. ಲೆಕ್ಕಪತ್ರಕ್ಕೆ ಅನೇಕ ಕಚೇರಿಗಳು ಅವಲಂಬಿಸಿರುವ ಟ್ಯಾಲಿಯು ವಿಂಡೋಸಿಗಾಗಿಯೇ ರಚಿತವಾದುದು. ನುಡಿ, ಬರಹಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಬಿಲ್ಲು ಮುದ್ರಿಸುವ ಕೆಲವು ಯಂತ್ರಗಳು ತೊಡಕು ಕೊಡಬಹುದು. ಹೊಸದನ್ನು ಕಲಿಯಲು ವೇಳೆಯೂ ತಾಳ್ಮೆಯೂ ಬೇಕು. ಹದಿನಾಲ್ಕು ಗಂಟೆ ನಿಂತು ದುಡಿಯುವವನಿಗೆ ಅವೆರಡೂ ದುರ್ಲಭವೆಂಬುದನ್ನು ನಾವು ಬಲ್ಲೆವು. ಆದರೆ ಪತ್ರ ಬರೆಯುವುದು, ಪಟ್ಟಿ ತಯಾರಿಸುವುದು, ಅಂತರಜಾಲವನ್ನು ನೋಡುವುದು, ಮಕ್ಕಳ ಪಾಠ ಮೊದಲಾದುವಕ್ಕೆ ಹತ್ತು ವರ್ಷದ ಹಳೆಯ ಯಂತ್ರವೂ ಲಿನಕ್ಸಿನಿಂದ ಧಾರಾಳವಾಗಿ ಸಾಕಾಗುತ್ತದೆ. ಯಂತ್ರದಲ್ಲಿರುವುದನ್ನು ಅಳಿಸದೆಯೇ ಒಂದು ಪೆನ್‌ಡ್ರೈವಿನಿಂದ ಅದನ್ನು ನಡೆಯಿಸಿ ಪರೀಕ್ಷಿಸುವ ಸೌಕರ್ಯವೂ ಉಂಟು.

ಹೊರನಾಡಿನ ನಮ್ಮ ಕನ್ನಡ ಸಂಘಗಳು ಈ ಕಾರ್ಯಕ್ಕೆ ಮುಂದಾಗುವುದು ಉಚಿತ. ಕಂಪೆನಿಗಳು ಮೂಲೆಗೆ ತಳ್ಳಿದ ಹಳೆಯ ಯಂತ್ರಗಳನ್ನು ಸಂಗ್ರಹಿಸಿ, ಲಿನಕ್ಸನ್ನು ಅಳವಡಿಸಿ, ವಾರಕ್ಕೊಂದು ರಾತ್ರಿ ತರಗತಿ ನಡೆಸಿದರೆ ಖರ್ಚು ಹೆಚ್ಚಿನದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ಬಂದ ಹಿರಿಯರ ಪರಂಪರೆ ನಮ್ಮದು. ಅಂದು ಅವರಿಗೆ ಅಕ್ಷರವು ಏನಾಗಿತ್ತೋ ಇಂದಿನ ಹುಡುಗರಿಗೆ ಯಂತ್ರದ ಮೂಲಪಾಠವು ಅದೇ ಆಗಿದೆ. ಬಳಸಬಲ್ಲವನು ಕೂಲಿಯನ್ನು ಸಂಪಾದಿಸಿಯಾನು; ಓದಿ ತಿದ್ದಬಲ್ಲವನು ಮಾತ್ರ ತನ್ನ ಉಪಕರಣಕ್ಕೆ ತಾನೇ ಒಡೆಯನಾದಾನು. ಪುಕ್ಕಟೆ ದೊರೆತುದೆಂದು ಪಡೆದು ಸುಮ್ಮನಾಗದೆ, ಒಂದು ಪದದ ಅನುವಾದವನ್ನೋ ಒಂದು ದೋಷದ ಸೂಚನೆಯನ್ನೋ ಹಿಂದಿರುಗಿಸುವ ಮಂದಿ ನಮ್ಮಲ್ಲಿ ಹೆಚ್ಚಲಿ. ಆ ಕೆರೆಯಲ್ಲಿ ನೀರು ನಿಲ್ಲುವುದು ಹೂಳೆತ್ತುವ ಕೈಗಳು ಇರುವವರೆಗೆ ಮಾತ್ರ.