ಆಪರೇಷನ್ ನಾಳೆ ಆದ್ರ ನೋವು ಇವತ್ತೇ ಅದ

ಹೋದ ಶ್ರಾವಣದಾಗ ನಮ್ಮ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ರು. ವಯಸ್ಸು 81. ಎಡಗಾಲು ಗಿಡ್ಡಾಗಿ, ಪಾದ ಹೊರಗ ತಿರುಗಿ ಹೋಗಿತ್ತು. ದವಾಖಾನ್ಯಾಗ ಎಕ್ಸ್-ರೇ ನೋಡಿ, ಚಪ್ಪಿ ಹತ್ರ ತೊಡಿ ಎಲುಬು ಮುರದದ, ನಾಡದ ಆಪರೇಷನ್ ಅಂದ್ರು. ಕಾಲಿಗೆ ತೂಕ ಕಟ್ಟಿ ಇಳಿಬಿಟ್ರು.

ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ, ಅದು ಛಲೋನ ಆತು. ನನ್ನ ಸಿಟ್ಟು ಅದಕ್ಕಿಂತ ಮೊದಲಿನ ಆ ಎರಡು ರಾತ್ರಿ ಮ್ಯಾಲೆ. ಹಾಸಿಗಿ ಮ್ಯಾಲಿನ ಚಾದರ ಬದಲಿಸಬೇಕಾದ್ರ ಅವರು ಒದರತಿದ್ರು. ಬೆಡ್ ಪ್ಯಾನಿನ ಹೆದರಿಕಿಗೆ ನೀರು ಕುಡಿಯೂದನ್ನ ಬಿಟ್ರು. ನೋವಿಗಂತ ಜೋರು ಇಂಜೆಕ್ಷನ್ ಕೊಟ್ರು. ರಾತ್ರಿ ಬಡಬಡಿಸಲಿಕ್ಕೆ ಹತ್ತಿದ್ರು, ನನ್ನ ಗುರುತು ಹಿಡೀಲಿಲ್ಲ. ವಯಸ್ಸಾದವರಿಗೆ ಹಂಗ ಆಗ್ತದ ಅಂದ್ರು ನರ್ಸಮ್ಮ.

ಮೂರನೇ ದಿನ ಅರಿವಳಿಕೆ ಡಾಕ್ಟರು ಬಂದ್ರು. ಬೆನ್ನಿಗೆ ಸೂಜಿ ಹಾಕಲಿಕ್ಕೆ ಅಜ್ಜೀನ್ನ ಕೂಡಸಬೇಕಲ್ಲ, ಅದಕ್ಕ ಮೊದಲ ಇದೊಂದು ಅಂತ, ಸ್ಕ್ಯಾನಿಂಗ್ ಮಷೀನ್ ಇಟ್ಟು ನೋಡಿ ತೊಡಿ ಸಂದಿನ ಹತ್ರ ಒಂದು ಇಂಜೆಕ್ಷನ್ ಕೊಟ್ರು. ಫ್ಯಾಸಿಯಾ ಇಲಿಯಾಕಾ ಬ್ಲಾಕ್ ಅಂತ ಅದರ ಹೆಸರು. (ಎರಡು ಸಲ ಕೇಳಿ ಬರಕೊಂಡೆ.) ಚಪ್ಪಿಯ ನೋವಿನ ಸುದ್ದಿ ಒಯ್ಯೂ ನರಗಳ ಸುತ್ತ ಔಷಧ ಹರಡಿ ಅವನ್ನ ಮಂಕು ಮಾಡೂದು. ಅರ್ಧ ತಾಸಿನೊಳಗ ಅತ್ತಿ ಕಣ್ಣು ಬಿಟ್ಟು, "ಹುಡುಗ್ರು ಉಂಡಾವೇನ?" ಅಂದ್ರು.

ಆಪರೇಷನ್ ಟೇಬಲ್ ಮ್ಯಾಲೆ ಐದು ನಿಮಿಷ ಕೂಡಿಸಲಿಕ್ಕೆ ಸಿಕ್ಕಿದ್ದು, ಎರಡು ರಾತ್ರಿ ಮಲಗಲಿಕ್ಕೆ ಯಾಕ ಸಿಗಲಿಲ್ಲ?

ಇದೇನು ಹೊಸಾ ವಿದ್ಯಾ ಅಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿಯೊಳಗೇ ಗುಳಿಗಿಯಿಂದ ನೋವು ತಗ್ಗದಿದ್ರ ನರದ ಬ್ಲಾಕ್ ವಿಚಾರ ಮಾಡ್ರಿ ಅಂತದ. 2020ರ ಕಾಕ್ರೇನ್ ಪರಿಶೀಲನೆ ಪ್ರಕಾರ, ಬ್ಲಾಕ್ ಕೊಟ್ಟ ಅರ್ಧ ತಾಸಿನೊಳಗ ಅಲುಗಾಡಿದಾಗಿನ ನೋವು ಇಳೀತದ. ಈ ಬಡಬಡಿಸೂ ಭ್ರಮೆನೂ ಕಡಿಮಿ ಆಗ್ತದ. ತೂಕ ಕಟ್ಟೂದರಿಂದ ಮಾತ್ರ ನೋವು ಇಳೀತದ ಅನ್ನಲಿಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಎಲ್ಲಾರಿಗೂ ಕಣ್ಣು ಮುಚ್ಚಿ ಕೊಡೂದಂತೂ ಅಲ್ಲ ಖರೆ. ರಕ್ತ ತೆಳು ಮಾಡೂ ಗುಳಿಗಿ ತಗೋತಿದ್ರ ಹೇಳಬೇಕು, ಔಷಧ ಮೈತೂಕ ನೋಡಿ ಕೊಡಬೇಕು, ಕೊಟ್ಟ ಮ್ಯಾಲೆ ಸ್ವಲ್ಪ ಹೊತ್ತು ನಿಗಾ ಇಡಬೇಕು. ಕೆಲವು ತಾಸಿಗೆ ಇಳದೂ ಹೋಗ್ತದ. ಆದ್ರ ಎಲುಬಿನ ಡಾಕ್ಟರು ವಾರ್ಡಿನ್ಯಾಗ, ಅರಿವಳಿಕೆಯವರು ಆಪರೇಷನ್ ಥಿಯೇಟರಿನ್ಯಾಗ. ನಡುವ ಮಲಗಿದ ಮುದುಕಿ ನೋವು ಯಾರ ಪಾಲಿನ ಕೆಲಸನೂ ಅಲ್ಲ! ನಮ್ಮದೂ ತಪ್ಪದ. ಖರ್ಚೆಷ್ಟು, ಆಪರೇಷನ್ ಯಾವಾಗ ಅಂತ ಹತ್ತು ಸಲ ಕೇಳಿದ್ವಿ. ನೋವಿಗೆ ಬ್ಯಾರೆ ಏನರ ಅದ ಏನು ಅಂತ ಒಮ್ಮೆನೂ ಕೇಳಲಿಲ್ಲ.

ಮೊನ್ನೆ ಬಾಜೂಮನಿ ಕಾಕಾ ಕಟ್ಟಿ ಮ್ಯಾಲಿಂದ ಬಿದ್ದು ಹಿಂಗ ಚಪ್ಪಿ ಮುರಕೊಂಡ್ರು. ಆಂಬುಲೆನ್ಸಿನ್ಯಾಗ ಕೂತಾಗನ ಅವರ ಮಗನ ಕೈಯಾಗ ಆ ಹೆಸರು ಬರದ ಚೀಟಿ ಕೊಟ್ಟೆ. ಅಂವ ಕೇಳ್ಯಾನ, ಸಂಜೀಕ ಕೊಟ್ರಂತ. ರಾತ್ರಿ ಫೋನ್ ಮಾಡಿದ್ರ ಕಾಕಾ ತಾವ ಮಾತಾಡಿದ್ರು, ದವಾಖಾನಿ ಚಹಾ ಬರೇ ನೀರು ಅಂತ ಬೈಕೋತ.