ಟೊಂಕ ನೋವಿಗೆ ಯಾವ ಮದ್ದು? ಹೆಸರು ಬಿಡ್ರಿ, ಲೆಕ್ಕ ಕೇಳ್ರಿ

1/3
ಮಾನ್ವಿ ಕಡೆ ಭತ್ತ ನಾಟಿ, ದೇವದುರ್ಗ ಕಡೆ ಹತ್ತಿ ಬಿಡಿಸೋದು, ರಾಯಚೂರಿನಾಗ 75 ಕೆಜಿ ಭತ್ತದ ಚೀಲ ಹೊರೋದು. ಎಲ್ಲಾ ಟೊಂಕದ ಮ್ಯಾಲಿನ ಕೆಲಸ. ಹಂಗಾಗಿ ನಮ್ಮ ಕಡೆ ಟೊಂಕ ನೋವಿಲ್ಲದ ಮನೆ ಸಿಗೋದು ಕಷ್ಟ, ಅದಕ್ಕ ಮದ್ದು ಹೇಳದ ಮನುಷ್ಯ ಸಿಗೋದು ಇನ್ನೂ ಕಷ್ಟ. ಬಿಸಿ ಉಪ್ಪಿನ ಗಂಟಿನಿಂದ ಕಾಸು ಅಂತಾರ. ಕಾಲು ಮುಂದಾಗಿ ಹುಟ್ಟಿದವರ ಕಡೆ ಒದಿಸ್ಕೋ ಅಂತಾರ. ಹಿಜಾಮಾ, ಆಕ್ಯುಪಂಕ್ಚರ್, ಕಟಿಬಸ್ತಿ, ಯೋಗ, ಬೆಲ್ಟ್, ಬರೆ, ಹೆಸರಿಲ್ಲದ ಕರಿ ಪುಡಿ…

"ಇಂಗ್ಲಿಷ್ ಮದ್ದು ಚಲೋನೋ, ಆಯುರ್ವೇದ ಚಲೋನೋ?" ಅಂತ ಕೇಳ್ತೀರಿ. ನನ್ನ ಪ್ರಕಾರ ಈ ಪ್ರಶ್ನೆಯೇ ಸರಿ ಇಲ್ಲ.

ಮೊದಲು ನೋವು ಯಾವುದು ಅಂತ ನೋಡಬೇಕು. ಟೊಂಕದಲ್ಲಷ್ಟೇ ಇರುವ ನೋವು ಬೇರೆ. ಕುಂಡೆಯಿಂದ ತೊಡೆಯ ಹಿಂಭಾಗ ಹಿಡಿದು, ಮೊಣಕಾಲು ದಾಟಿ ಪಾದದವರೆಗೆ ಕರೆಂಟ್ ಹೊಡೆದಂಗ ಇಳಿಯೋದು ಬೇರೆ. ಅದು ಸಯಾಟಿಕಾ. ಹೆಚ್ಚಾಗಿ ಬೆನ್ನಿನ ಡಿಸ್ಕ್ ಹೊರಚಾಚಿ ನರದ ಬುಡವನ್ನು ಕೆರಳಿಸಿದಾಗ ಬರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸೀ ಅಂತ ಹೆಸರು. ಗೃಧ್ರ ಅಂದ್ರ ರಣಹದ್ದು. ನೋವಿದ್ದವರು ಆ ಹಕ್ಕಿಯಂಗ ಕಾಲೆಳೆದು ನಡೀತಾರ ಅಂತ. ಹೆಸರಿಟ್ಟವರ ಕಣ್ಣು ಭಾರಿ ಚುರುಕು ಬಿಡ್ರಿ.

ಹೊಸದಾಗಿ ಬಂದ ಟೊಂಕ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಸಯಾಟಿಕಾ ನಿಧಾನ, ಆದರೂ ಬಹಳ ಮಂದಿಗೆ ಎರಡು-ಮೂರು ತಿಂಗಳಲ್ಲಿ ಹಗುರಾಗುತ್ತದೆ. ಹೊರಗೆ ಬಂದ ಡಿಸ್ಕಿನ ತುಣುಕನ್ನು ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ. ಮಂದಿ ಮದ್ದಿಗೆ ಓಡೋದು ನೋವು ತುದಿಗೆ ಏರಿದಾಗ. ಅಲ್ಲಿಂದ ಅದು ಬಹುಪಾಲು ಇಳಿಯೋದೇ. ಇಳಿಯೋ ಹೊತ್ತಿಗೆ ಕೈಯಾಗ ಯಾವ ಮದ್ದಿತ್ತೋ, ಅದಕ್ಕೆ ಹೆಸರು. "ನಮ್ಮ ಕಾಕಾಗ ಅದರಿಂದನೇ ಆರಾಮಾತು" ಅನ್ನೋದರಾಗ ಕಾಕಾ ಆರಾಮ ಆಗಿದ್ದು ಖರೆ. "ಅದರಿಂದನೇ" ಅನ್ನೋದಕ್ಕ ಸಾಕ್ಷಿ ಬೇಕು.

2/3
ಸಾಕ್ಷಿ ಹೆಂಗ ಸಿಗ್ತದ? ಒಂದೇ ಥರದ ನೋವಿನವರನ್ನು ಚೀಟಿ ಎತ್ತಿದಂಗ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಚಿಕಿತ್ಸೆ ಕೊಟ್ಟು ಕಾಯಬೇಕು. ಜರ್ಮನಿಯಲ್ಲಿ ಬಹಳ ದಿನದಿಂದ ಸೊಂಟ ನೋವಿದ್ದ 1,162 ಮಂದಿಯ ಮೇಲೆ ಹೀಗೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಆಕ್ಯುಪಂಕ್ಚರ್ ಗುಂಪಿನಲ್ಲಿ 47.6% ಮಂದಿಗೆ ಗುಣ ಕಂಡಿತ್ತು. ಶಾಸ್ತ್ರದ ಜಾಗ ಬಿಟ್ಟು ಬೇರೆ ಕಡೆ ಮೇಲೆಮೇಲೆ ಸೂಜಿ ಚುಚ್ಚಿದ ನಕಲಿ ಗುಂಪಿನಲ್ಲಿ 44.2%. ಮಾತ್ರೆ, ಫಿಸಿಯೋ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27.4%.

ಪರವಾಗಿ ಇದ್ದವರು ಮೊದಲನೇ ಮತ್ತು ಮೂರನೇ ಅಂಕಿ ತೋರಿಸ್ತಾರ. ವಿರೋಧ ಇದ್ದವರು ಮೊದಲ ಎರಡು. ಮೂರನ್ನೂ ಕೂಡಿಸಿ ನೋಡಿದ್ರ ನನಗ ಅನಿಸೋದು ಇಷ್ಟು: ಸೂಜಿ ಎಲ್ಲಿ ಚುಚ್ಚಿದರು ಅನ್ನೋದಕ್ಕಿಂತ, ವಾರಕ್ಕೆರಡು ಸಲ ಅರ್ಧ ತಾಸು ಒಬ್ಬರು ಪಕ್ಕ ಕೂತು ನೋಡಿಕೊಂಡರು ಅನ್ನೋದೇ ದೊಡ್ಡದು. ಎರಡು ನಿಮಿಷದಾಗ ಮಾತ್ರೆ ಬರೆದು ಕಳಿಸೋ ಡಾಕ್ಟರ್‌ಗಳೂ ಇದನ್ನ ಓದಬೇಕು. ದೊಡ್ಡ ಸಂಸ್ಥೆಗಳಿಗೇ ಇದರಾಗ ಒಮ್ಮತ ಇಲ್ಲ: ಬ್ರಿಟನ್ನಿನ ನೈಸ್ 2016ರಲ್ಲಿ ಆಕ್ಯುಪಂಕ್ಚರ್ ಬೇಡ ಅಂತು, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಡಬಹುದು ಅಂತು.

ಯೋಗದ ಅಭಿಮಾನಿಗಳು ಸಿಟ್ಟಾಗಬ್ಯಾಡ್ರಿ. 2011ರಲ್ಲಿ ಅಮೆರಿಕದ 228 ಮಂದಿಯ ಅಧ್ಯಯನದಲ್ಲಿ ಯೋಗ ಕಲಿತವರಿಗೂ ಸಾದಾ ಸ್ಟ್ರೆಚಿಂಗ್ ಕಲಿತವರಿಗೂ ಹೆಚ್ಚುಕಮ್ಮಿ ಒಂದೇ ಲಾಭ. ಬರೀ ಪುಸ್ತಕ ಓದಿ ತಾವೇ ನೋಡಿಕೊಂಡವರಿಗಿಂತ ಇಬ್ಬರೂ ಮುಂದೆ. ಅಂದ್ರ ಮೈ ಆಡಿಸೋದು ಮುಖ್ಯ, ಬೋರ್ಡ್ ಮುಖ್ಯ ಅಲ್ಲ.

ಇಂಗ್ಲಿಷ್ ಮದ್ದನ್ನೂ ಇದೇ ತಕ್ಕಡಿಗೆ ಹಾಕ್ರಿ. ಸಯಾಟಿಕಾಕ್ಕೆ ಸಿಕ್ಕಾಪಟ್ಟೆ ಬರೆಯೋ ಪ್ರಿಗ್ಯಾಬಲಿನ್ ಅನ್ನು ಆಸ್ಟ್ರೇಲಿಯಾದಲ್ಲಿ 209 ಮಂದಿಗೆ ಪರೀಕ್ಷಿಸಿದಾಗ (2017) ಖಾಲಿ ಮಾತ್ರೆಗಿಂತ ಹೆಚ್ಚು ನೋವು ಇಳಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ ಎರಡನ್ನೂ ದೀರ್ಘಕಾಲದ ಸಾಮಾನ್ಯ ಸೊಂಟ ನೋವಿಗೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನನ್ನ ಕ್ಲಾಸಿನವರಿಗೆ ಇನ್ನೊಂದು: ಎಂಆರ್‌ಐನಲ್ಲಿ "ಡಿಸ್ಕ್ ಬಲ್ಜ್" ಅಂತ ಬರೆದಿದ್ರ ಅಂಜಬ್ಯಾಡ್ರಿ. ನೋವೇ ಇಲ್ಲದ 20 ವರ್ಷದವರಲ್ಲೂ ಸುಮಾರು 30% ಮಂದಿಗೆ ಅದು ಕಾಣುತ್ತದೆ.

ಹಂಗಾದ್ರ ಉಪ್ಪಿನ ಗಂಟು? ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸೋ ಕಟಿಬಸ್ತಿ? ಬಿಸಿ ತಾಕಿದಾಗ ಹಾಯ್ ಅನಿಸ್ತದ. ಆ ಹಾಯ್ ಅನಿಸಿದ ತಾಸಿನಾಗ ಎದ್ದು ನಡೆದಾಡಿದ್ರ ಲಾಭ. ಕೆಲಸ ಬಿಡಿಸಿ ಮೂರು ವಾರ ಮಲಗಿಸೋ ಪ್ಯಾಕೇಜ್ ಆದ್ರ, ಕೂಲಿನೂ ಹೋತು, ಮೈಯಾಗಿನ ಬಲಾನೂ ಹೋತು. ನಾನು ಯಾವ ಚಿಕಿತ್ಸೆಗೂ ಕೇಳೋದು ಇದನ್ನೇ: ಇದು ಮನುಷ್ಯನ್ನ ಎಬ್ಬಿಸ್ತದೋ, ಮಲಗಿಸ್ತದೋ? ಎಷ್ಟು ದಿನದ ಕೂಲಿ ತಿಂತದ? ಮತ್ತ ಒಳಗ ಏನದ ಅಂತ ಹೇಳ್ತಾರೋ ಇಲ್ಲೋ?

ಆರಾಮ ಆದ ಮರುದಿನ ಅದೇ 75 ಕೆಜಿ ಚೀಲ ಬೆನ್ನಿಗೇರ್ತದ ಅನ್ನೋದೂ ಖರೆ. ಅದನ್ನ 50 ಕೆಜಿ ಮಾಡೋ ಎಣ್ಣೆ ಯಾವ ಅಂಗಡಿಯಾಗೂ ಇಲ್ಲ. ಹಮಾಲರ ಸಂಘಗಳು ಕೇಳಬೇಕಾದ ಮಾತದು; ಅದಕ್ಕ ಬೇರೆ ಪೋಸ್ಟ್ ಬರೀತೀನಿ.

3/3
ನನಗ ಖರೇನ ಅಂಜಿಕೆ ಇರೋದು ಎರಡರ ಬಗ್ಗೆ.

ಒಂದು, ತಡ ಆಗೋದು. ಮೂತ್ರ ಕಟ್ಟಿದ್ರ ಅಥವಾ ಗೊತ್ತಿಲ್ಲದೇ ಹೋದ್ರ, ಮಲದ ಹತೋಟಿ ತಪ್ಪಿದ್ರ, ತೊಡೆಸಂದಿ-ಕುಂಡೆ ಜೋಮು ಹಿಡಿದ್ರ, ಪಾದ ಎತ್ತಾಕ ಬರದಿದ್ರ, ಅವತ್ತೇ ದೊಡ್ಡ ಆಸ್ಪತ್ರೆ. ರಾತ್ರಿನೇ ಆಗ್ಲಿ. ಬೆಳಗಾಗಲಿ ಅಂತ ಕಾಯೋದ್ರೊಳಗ ನರ ಶಾಶ್ವತವಾಗಿ ಹೋಗಬಹುದು. ವಾರಗಟ್ಟಲೆ ಸಂಜೆ ಜ್ವರ, ತೂಕ ಇಳಿಯೋದು, ರಾತ್ರಿ ಬಿಡದ ಬೆನ್ನು ನೋವು ಇದ್ರ ಬೆನ್ನೆಲುಬಿನ ಟಿಬಿ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆ, ಮಾತ್ರೆ ಪುಕ್ಕಟೆ. ಇಂಥವರ ಬೆನ್ನು ತುಳಿಯಬಾರದು. ಎಲುಬು ಸವೆದ ಮುದುಕಿಯರದ್ದೂ ತುಳಿಯಬಾರದು, ಮುರೀತದ. ಜೋಮು ಹಿಡಿದ ಕಾಲಿಗೆ ಬಿಸಿ ಗಂಟು, ಬರೆ ಎರಡೂ ಬ್ಯಾಡ. ಸುಟ್ಟಿದ್ದು ಅವರಿಗೆ ಗೊತ್ತೇ ಆಗಂಗಿಲ್ಲ.

ಎರಡು, ಆ ಕರಿ ಪುಡಿ. ಎರಡೇ ದಿನದಾಗ ನೋವು ಮಾಯ, ಹಸಿವು ಜೋರು, ತಿಂಗಳೊಪ್ಪತ್ತಿಗೆ ಮುಖ ದುಂಡಗೆ ಊದುತ್ತದೆ. "ಮೈ ಹತ್ತೇತಿ" ಅಂತ ಮನ್ಯಾಗ ಖುಷಿ. ಇಂಥ ಲೇಬಲ್ ಇಲ್ಲದ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಅದು ಸಕ್ಕರೆ ಏರಿಸುತ್ತದೆ, ಎಲುಬು ಟೊಳ್ಳು ಮಾಡುತ್ತದೆ. ಇದು ಆಯುರ್ವೇದವೂ ಅಲ್ಲ, ನಾಟಿ ಮದ್ದೂ ಅಲ್ಲ. ಹೆಸರು ಮುಚ್ಚಿಟ್ಟ ಇಂಗ್ಲಿಷ್ ಮದ್ದು.

ನಿಮ್ಮ ಮನ್ಯಾಗ ಅವ್ವ, ಅಜ್ಜಿ ಯಾರಾದ್ರೂ ಇದನ್ನ ತಗೊಳ್ತಿದ್ರ ಸಿಟ್ಟಿಲೆ ಕಸಿದು ಒಗೀಬ್ಯಾಡ್ರಿ. ಬಹಳ ದಿನ ತಗೊಂಡ ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಿದ್ರ ಜೀವಕ್ಕೇ ಅಪಾಯ. ಪುಡಿ ಪೊಟ್ಟಣದ ಸಮೇತ ಅವರನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ. ಎಷ್ಟು ದಿನದಿಂದ, ದಿನಕ್ಕೆಷ್ಟು ಚಮಚ ಅಂತ ಮೊದಲೇ ಮೊಬೈಲಿನಾಗ ಬರ್ಕೊಂಡಿರ್ರಿ. ಅವರು ಅಲ್ಲಿ ನಾಚಿ ಹೇಳಂಗಿಲ್ಲ.

#ಟೊಂಕನೋವು #ಸಯಾಟಿಕಾ #ರಾಯಚೂರು #ಮಾನ್ವಿ #ದೇವದುರ್ಗ